ಜಗ್ಗಕ್ಕ ಜಗ್ಗದೆ ಬಿಟ್ಟ ಮೀನು

ಮಕ್ಕಳ ಆರೋಗ್ಯ ಕೇಂದ್ರದ ನರ್ಸ್ ಮೇಜಿನ ಮೇಲೆ ಬಿಸ್ಕತ್ತಿನ ಒಂದು ಚೂರು ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ಸುಮ್ಮನೆ ನೋಡುತ್ತಾ ಕುಳಿತಳು. ತಾಯಿಯ ತೊಡೆಯ ಮೇಲಿದ್ದ ಮಗು ಗುಬ್ಬಿ ಆ ಚೂರನ್ನು ಕಂಡ, ಬಾಯಿ ತೆರೆದ, ಮುಂದಕ್ಕೆ ಬಾಗಿ ಇಡೀ ಅಂಗೈಯಿಂದ ಅದನ್ನು ಬಡಿದ. ಐದೂ ಬೆರಳು ಒಟ್ಟಿಗೆ ಮಡಚಿ ಬಾಚಿಕೊಂಡ. ಚೂರು ಬೆರಳ ಸಂದಿಯಿಂದ ಜಾರಿ ನೆಲಕ್ಕೆ ಬಿತ್ತು. ನರ್ಸ್ ಇನ್ನೊಂದು ಚೂರು ಇಟ್ಟಳು. ಅದೂ ಬಿತ್ತು. ಮತ್ತೊಂದು ಇಡುವಷ್ಟರಲ್ಲಿ ಗುಬ್ಬಿ ಅಳತೊಡಗಿದ.

ಗೋಡೆಗೆ ಒರಗಿ ನಿಂತಿದ್ದ ಅಜ್ಜಿ ತನಗೇ ತಿಳಿಯದೆ ತನ್ನ ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಹಿಡಿದಿದ್ದಳು. ತನ್ನ ಬೆರಳು ಸೇರಿದರೆ ಮೊಮ್ಮಗನದೂ ಸೇರುತ್ತದೆ ಎಂಬಂತೆ.

“ಅವಧಿಗೆ ಮುಂಚೆ ಹುಟ್ಟಿದ ಮಗು, ಸ್ವಲ್ಪ ಹಿಂದೆ ಬೀಳೋದು ಇದ್ದದ್ದೇ,” ಎಂದಳು ನರ್ಸ್. “ಆದ್ರೆ ಇಷ್ಟು ಹೊತ್ತಿಗೆ ಈ ಎರಡು ಬೆರಳು ಸೇರಬೇಕಿತ್ತು. ಇನ್ನೊಂದು ತಿಂಗಳು ನೋಡೋಣ. ಆಗ್ಲೂ ಆಗದಿದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ.”

ಬರೆದುಕೊಟ್ಟರೆ ಏನರ್ಥ ಎಂದು ಗುಬ್ಬಿಯ ತಾಯಿ, ಅಜ್ಜಿಯ ಮಗಳು, ಕೇಳಿದಳು. ಏನೂ ಇಲ್ಲದಿರಬಹುದು, ಏನಾದರೂ ಇರಲೂಬಹುದು ಎಂದು ನರ್ಸ್ ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ಅಷ್ಟರಲ್ಲಿ ಎರಡು ಬೆರಳಲ್ಲಿ ಹಿಡಿಯುವಂಥ ಸಾಮಾನು ಕೈಗೆ ಕೊಡುತ್ತಿರಿ ಎಂದು ಕಪಾಟಿನಿಂದ ಒಂದು ಮರದ ಹಲಗೆ ತೆಗೆದು ತೋರಿಸಿದಳು. ಹಲಗೆಯಲ್ಲಿ ಎಲೆ, ಮನೆ, ಚಂದ್ರ, ಮೀನಿನ ಆಕಾರದ ಗುಳಿಗಳು. ಪ್ರತಿಯೊಂದು ಗುಳಿಯಲ್ಲೂ ಅದೇ ಆಕಾರದ ಬಿಲ್ಲೆ. ಬಿಲ್ಲೆಯ ಮೇಲೆ ಹಿಡಿಯಲು ಸಣ್ಣದೊಂದು ಗುಂಡಿ. ಆ ಗುಂಡಿಯನ್ನು ಹಿಡಿದು ಬಿಲ್ಲೆಯನ್ನು ಎತ್ತಬೇಕು, ತಿರುಗಿ ಅದರ ಜಾಗದಲ್ಲೇ ಕೂರಿಸಬೇಕು. ಮೀನಿಗೆ ಆ ಗುಂಡಿಯೇ ಕಣ್ಣು. ಅಜ್ಜಿ ಆ ಹಲಗೆಯನ್ನು ನೋಡಿದ ಕೂಡಲೇ ಗುರುತಿಸಿದಳು. ಅದು ಹೋಗಿದ್ದು ಅವಳ ಮೇಜಿನಿಂದಲೇ.

ಅವಳ ನಿಜವಾದ ಹೆಸರನ್ನು ಸಂಬಳದ ದಿನ ಮಾತ್ರ ಯಾರಾದರೂ ಕೂಗುತ್ತಿದ್ದರು. ಉಳಿದಂತೆ ಅವಳು ಜಗ್ಗಕ್ಕ. ಮರದ ಆಟಿಕೆಗಳ ಕಾರ್ಖಾನೆಯಲ್ಲಿ ಜಗ್ಗುವುದೇ ಅವಳ ಕೆಲಸ. ಸ್ಪ್ರಿಂಗ್ ತಕ್ಕಡಿಯ ತುದಿಗೆ ಒಂದು ಇಕ್ಕಳ. ಆ ಇಕ್ಕಳದಿಂದ ಗುಂಡಿಯನ್ನೋ ಗಾಲಿಯನ್ನೋ ಕುದುರೆಯ ಕಿವಿಯನ್ನೋ ಕಚ್ಚಿಸಿ, ಮುಳ್ಳು ಕೆಂಪು ಗೆರೆ ಮುಟ್ಟುವ ತನಕ ಜಗ್ಗಿ, ಹತ್ತು ಎಣಿಸಿ ಬಿಡಬೇಕು. ಕಿತ್ತು ಬಂದರೆ ಅದನ್ನು ಮಗುವಿನ ಗಂಟಲಿನಷ್ಟೇ ಅಗಲದ ಒಂದು ಲೋಹದ ಕೊಳವೆಗೆ ಹಾಕಿ ನೋಡಬೇಕು. ಕೊಳವೆಗೆ ಎಲ್ಲರೂ ಇಟ್ಟ ಹೆಸರು ‘ಗಂಟಲು’. ಗಂಟಲಲ್ಲಿ ಇಳಿಯಲಿ ಬಿಡಲಿ, ಬಂದದ್ದಕ್ಕೆ ಕೆಂಪು ಚುಕ್ಕೆ, ಅಲ್ಲಿಂದ ಒಲೆ. ಬೇರೆ ಕಾರ್ಖಾನೆಗಳಲ್ಲಿ ರಾಶಿಗೊಂದು ಜಗ್ಗುತ್ತಾರಂತೆ. ಇಲ್ಲಿ ಒಂದನ್ನೂ ಬಿಡುವುದಿಲ್ಲ. ಮಾಲೀಕರ ತಂದೆಯ ಕಾಲದಿಂದ ಬಂದ ಹಠ ಅದು.

ಆ ಕೆಲಸ ಅವಳ ಮೈಗೆ ಹತ್ತಿಬಿಟ್ಟಿತ್ತು. ನೆರೆಮನೆಯ ಮಗು ಎದುರಿಗೆ ಬಂದರೆ ಮೊದಲು ಅಂಗಿಯ ಗುಂಡಿ ಜಗ್ಗಿ ನೋಡಿ ಆಮೇಲೆ ಕೆನ್ನೆ ಮುಟ್ಟುವಳು. ಬಸ್ಸಿನಲ್ಲಿ ಹಿಡಿಕೆ ಜಗ್ಗುವಳು. ಅಳಿಯನನ್ನು ನೋಡಲು ಹೋದಾಗ ಅವರ ಮನೆಯ ಕುರ್ಚಿಯ ಕಾಲನ್ನು ಜಗ್ಗಿ ನೋಡಿಯೇ ಕೂತವಳು. ಅವಳು ಒಳಗೆ ಬಂದರೆ ಮೇಸ್ತ್ರಿ, “ಜಗ್ಗಕ್ಕ ಬಂದ್ರು, ಮೀಸೆ ಇರೋರು ಮೀಸೆ ಹಿಡ್ಕೊಳ್ಳಿ,” ಎನ್ನುತ್ತಿದ್ದ. ಒಂದೇ ಒಂದು ಜಾತಿಯ ವಸ್ತುವನ್ನು ಮಾತ್ರ ಅವಳು ಹೊರಗೆಲ್ಲೂ ಜಗ್ಗುತ್ತಿರಲಿಲ್ಲ. ಅದು ತನ್ನ ಕಾರ್ಖಾನೆಯ ಆಟಿಕೆ. ತಾನು ಜಗ್ಗಿಯೇ ಹೊರಗೆ ಬಿಟ್ಟಿರುವುದನ್ನು ತಿರುಗಿ ಜಗ್ಗುವುದು ಬೆಂದದ್ದನ್ನು ಮತ್ತೆ ಬೇಯಿಸಿದಂತೆ ಎಂಬುದು ಅವಳ ಹೆಮ್ಮೆ.

ಇಷ್ಟಾದರೂ ಆ ಆಟಿಕೆಗಳ ಬೆಲೆಯನ್ನು ಕಂಡರೆ ಅವಳಿಗೆ ಆಗದು. ಅಂಗಡಿಯ ಗಾಜಿನೊಳಗೆ, ‘ಮಗುವಿನ ಬುದ್ಧಿ ಬೆಳೆಸುವ ಆಟಿಕೆ’ ಎಂಬ ಬರಹದ ಕೆಳಗೆ ಅದೇ ಹಲಗೆ ಕೂತಿದ್ದನ್ನು ನೋಡಿದಾಗಲೆಲ್ಲ ಅವಳು ಮೂಗು ಮುರಿಯುತ್ತಿದ್ದಳು. ಸಂತೆಯಲ್ಲಿ ಅಂಥದ್ದೇ ಪ್ಲಾಸ್ಟಿಕ್ ಹಲಗೆ ಪುಡಿಗಾಸಿಗೆ ಸಿಗುತ್ತಿತ್ತು. ಲೋಟಕ್ಕೆ ಚಮಚ ಬಡಿದುಕೊಂಡು ಬೆಳೆದ ತನ್ನ ಮಗಳಿಗೆ ಬುದ್ಧಿ ಕಡಿಮೆಯಾಯಿತೇ? ಮರಕ್ಕೆ ಒಂದು ಪಾಲು, ಡಬ್ಬಿಗೆ ಎರಡು ಪಾಲು, ಅಪ್ಪ ಅಮ್ಮಂದಿರ ಹೆದರಿಕೆಗೆ ಉಳಿದದ್ದೆಲ್ಲ ಎಂದು ಅವಳು ಬೆಲೆಯನ್ನು ಬಿಡಿಸಿ ಹೇಳುತ್ತಿದ್ದಳು.

ಆದ್ದರಿಂದ ಕೇಂದ್ರದಿಂದ ಮನೆಗೆ ಬರುವ ದಾರಿಯಲ್ಲಿ ಮಗಳು ಆ ಅಂಗಡಿಯ ಮುಂದೆ ನಿಂತಾಗ ಜಗ್ಗಕ್ಕ ಅವಳ ತೋಳು ಹಿಡಿದು ಎಳೆದಳು. ಮಗಳು ಕದಲಲಿಲ್ಲ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲಾ ಸಮವಸ್ತ್ರ ಹೊಲಿಯುವವಳು ಅವಳು. ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಮನೆಗಿಲ್ಲ. ಬೇರೆ ವಿಷಯಕ್ಕೆ ಅಮ್ಮನ ಮಾತು ಮೀರದವಳು ಅಂದು ಬೀದಿಯಲ್ಲೇ ವಾದಕ್ಕೆ ನಿಂತಳು. ಬೇರೆಯವರ ಮಕ್ಕಳಿಗೆಲ್ಲ ನೀನು ಜಗ್ಗಿ ಜಗ್ಗಿ ಕೊಡುತ್ತೀಯ, ನನ್ನ ಮಗನಿಗೆ ಮಾತ್ರ ಲೋಟ ಚಮಚವೇ ಎಂದು ಕೇಳಿದಳು.

“ಬೆಲೆ ಜಾಸ್ತಿ ಅಂತೀಯಲ್ಲಮ್ಮ, ಅದರೊಳಗೆ ನಿನ್ನ ಸಂಬಳನೂ ಇದೆ ಅಲ್ವಾ?”

ಜಗ್ಗಕ್ಕ ನಕ್ಕುಬಿಟ್ಟಳು. ಮಗಳ ಮಾತಿನ ಮೊನೆ ಅವಳನ್ನು ಸ್ವಲ್ಪ ಚುಚ್ಚಿದ್ದು ನಿಜ, ಆದರೆ ಅವಳ ಬಳಿ ಬೇರೆ ದಾರಿಯಿತ್ತು. ಅದೇ ಹಲಗೆ ತರುತ್ತೇನೆ, ಅಂಗಡಿಯ ಬೆಲೆ ಕೊಡದೆ ತರುತ್ತೇನೆ ಎಂದಳು.

ಕಾರ್ಖಾನೆಯಲ್ಲಿ ಹಳದಿ ಚುಕ್ಕೆಯ ಒಂದು ಬುಟ್ಟಿ ಇರುತ್ತಿತ್ತು. ಬಣ್ಣ ಹರಡಿದ್ದು, ಗೆರೆ ಸೊಟ್ಟಗಾದದ್ದು, ಹೊಳಪು ಕಮ್ಮಿಯಾದದ್ದು ಅದರಲ್ಲಿ ಬೀಳುತ್ತಿತ್ತು. ಅಂಗಡಿಗೆ ಹೋಗಲಾರದ್ದು, ಆದರೆ ಆಡಲು ಏನು ಕೊರತೆ? ಕೆಲಸದವರಿಗೆ ಅದನ್ನು ಹೆಸರಿಗೊಂದು ಬೆಲೆಗೆ ಕೊಡುತ್ತಿದ್ದರು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಹಾಗೆ ಎಲ್ಲರ ಮನೆಯಲ್ಲೂ ಒಂದೋ ಎರಡೋ ಹಳದಿ ಚುಕ್ಕೆಯ ಆಟಿಕೆ ಇತ್ತು. ಬಣ್ಣ ನೋಡುವ ಮೇಜಿನವಳು, ದಪ್ಪ ಗಾಜಿನವಳಾದ್ದರಿಂದ ‘ಕನ್ನಡಕ’ ಎಂದೇ ಹೆಸರಾದವಳು, ಜಗ್ಗಕ್ಕನಿಗಾಗಿ ಒಂದು ಹಲಗೆಯನ್ನು ಬುಟ್ಟಿಯ ತಳದಲ್ಲಿ ಎತ್ತಿಟ್ಟಿದ್ದಳು. ಎಲೆ, ಮನೆ, ಚಂದ್ರ ಸರಿಯಾಗಿಯೇ ಇದ್ದವು. ಮೀನಿನ ಕಣ್ಣಿನ ಸುತ್ತ ಮಾತ್ರ ಕೆಂಪು ಬಣ್ಣ ಹರಡಿ, ಮೀನು ರಾತ್ರಿಯೆಲ್ಲ ನಿದ್ದೆಗೆಟ್ಟ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ಇಬ್ಬರೂ ನಕ್ಕರು.

ಗುಬ್ಬಿ ಉಳಿದ ಮೂರು ಬಿಲ್ಲೆಗಳ ತಂಟೆಗೇ ಹೋಗಲಿಲ್ಲ. ಅವನಿಗೆ ಮೀನು ಬೇಕು. ಬೆಳಗ್ಗೆ ಎದ್ದರೆ ಮೀನು, ಊಟಕ್ಕೆ ಕೂತರೆ ಮಡಿಲಲ್ಲಿ ಮೀನು. ಅಂಗೈಯಿಂದ ಬಡಿಯುವನು, ಮುಷ್ಟಿಯಲ್ಲಿ ಹಿಡಿಯುವನು, ಕಣ್ಣಿನ ಗುಂಡಿಯನ್ನು ಬಾಯಿಗಿಟ್ಟು ಒಸಡಿನಲ್ಲಿ ಉಜ್ಜುವನು. ಸಂಜೆ ಜಗ್ಗಕ್ಕ ಬಂದೊಡನೆ ತಾನು ಅರ್ಧ ತಿಂದು ಮೆತ್ತಗೆ ಮಾಡಿದ ಬಿಸ್ಕತ್ತನ್ನು ಇಡೀ ಮುಷ್ಟಿಯಿಂದ ಅವಳ ಬಾಯಿಗೆ ಮೆತ್ತುವನು. ಅವಳು ಆ ಎಂದು ಬಾಯಿ ತೆರೆದು ಕೂರುವಳು. ಮೂಗು, ಗಲ್ಲ ಎಲ್ಲ ಬಿಸ್ಕತ್ತಾಗುತ್ತಿತ್ತು. ಬೆರಳು ಮಾತ್ರ ಸೇರಲಿಲ್ಲ. ತಿಂಗಳು ಮುಗಿಯುತ್ತ ಬಂದಂತೆ ಮಗಳ ಮಾತು ಕಡಿಮೆಯಾಯಿತು. ದೊಡ್ಡಾಸ್ಪತ್ರೆಯ ಹೆಸರನ್ನು ಮನೆಯಲ್ಲಿ ಇಬ್ಬರೂ ಎತ್ತುತ್ತಿರಲಿಲ್ಲ.

ಹಾಗಿರುವಾಗ ಕಣ್ಣು ಬೇನೆ ಬಂದು ಕನ್ನಡಕ ರಜೆ ಹಾಕಿದಳು. ಬಣ್ಣದ ಮೇಜು ಖಾಲಿ ಬಿತ್ತು. ಮೇಸ್ತ್ರಿ ತಲೆ ಕೆರೆದುಕೊಂಡು, ಇವತ್ತಿಗೆ ಎಲ್ಲ ನೇರ ಜಗ್ಗಕ್ಕನ ಮೇಜಿಗೆ ಬರಲಿ, ಬಣ್ಣ ಆಮೇಲೆ ನಾನೇ ನೋಡುತ್ತೇನೆ ಎಂದ. ಬೆಳಗಿನ ಹೊತ್ತು ಎಂದಿನಂತೆ ಸಾಗಿತು. ಹಲಗೆಗಳು ಬಂದವು, ಅವಳು ಕಚ್ಚಿಸಿದಳು, ಜಗ್ಗಿದಳು, ಎಣಿಸಿದಳು, ಬಿಟ್ಟಳು. ಒಂದು ಮೀನು ಬಂತು. ಕಣ್ಣಿನ ಸುತ್ತ ಕೆಂಪು ಹರಡಿತ್ತು.

ಇದು ಹಳದಿಯದಲ್ಲವೇ, ನನ್ನ ಹತ್ತಿರ ಯಾಕೆ ಬಂತು ಎಂದುಕೊಂಡೇ ಅವಳು ಇಕ್ಕಳ ಕಚ್ಚಿಸಿದಳು. ಮುಳ್ಳು ಕೆಂಪು ಗೆರೆಯ ಹತ್ತಿರವೂ ಹೋಗಲಿಲ್ಲ. ಹಾಲುಹಲ್ಲು ಬಂದಷ್ಟು ಸಲೀಸಾಗಿ ಕಣ್ಣು ಕಿತ್ತು ಬಂತು.

ಗುಂಡಿಯ ಬುಡದಲ್ಲಿ ಅಂಟು ಒಣಗಿಯೇ ಇರಲಿಲ್ಲ. ಹಸಿ ಅಂಟಿನ ಮೇಲೆ ಬಣ್ಣ ಬಳಿದದ್ದಕ್ಕೇ ಅದು ಹರಡಿತ್ತು. ಬಣ್ಣ ಹರಡಿದ್ದು ಬರೀ ಅಂದದ ಕೊರತೆಯಲ್ಲ, ಗುಂಡಿ ನಿಲ್ಲುವುದಿಲ್ಲ ಎನ್ನುವುದರ ಗುರುತು. ಜಗ್ಗಕ್ಕ ಅದನ್ನು ಗಂಟಲಿಗೆ ಹಾಕಿದಳು. ತಡೆಯಿಲ್ಲದೆ ಇಳಿದು ತಳದಲ್ಲಿ ಟಣ್ ಎಂದಿತು.

ಬಣ್ಣದ ಮೇಜು ಮೊದಲು, ಜಗ್ಗುವ ಮೇಜು ಆಮೇಲೆ. ಹಳದಿ ಚುಕ್ಕೆ ಬಿದ್ದದ್ದು ಅಲ್ಲಿಂದಲೇ ಬುಟ್ಟಿಗೆ ಹೋಗುತ್ತದೆ. ಅದು ತನ್ನ ಮೇಜಿಗೆ ಬರುವುದೇ ಇಲ್ಲ, ಎಂದೂ ಬಂದಿಲ್ಲ. ಕನ್ನಡಕ ಬಣ್ಣ ನೋಡುತ್ತಾಳೆ, ತಾನು ಗಟ್ಟಿ ನೋಡುತ್ತೇನೆ, ಇಬ್ಬರ ಮೇಜಿಗೂ ನಡುವೆ ಕೈ ಚಾಚಿದಷ್ಟು ದೂರ. ಇಷ್ಟು ವರ್ಷ ಪಕ್ಕ ಪಕ್ಕ ಕೂತು ಒಬ್ಬರಿಗೂ ಇದು ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಅವಳು ಬೇರೆಯವರ ಬಗ್ಗೆ ಎಷ್ಟು ಸಲ ಆಡಿಕೊಂಡು ನಕ್ಕಿದ್ದಳೋ.

ಊರ ಮಕ್ಕಳಿಗೆಲ್ಲ ಜಗ್ಗಿ ಕೊಟ್ಟವಳು ತನ್ನ ಮೊಮ್ಮಗನ ಮೀನನ್ನು ಜಗ್ಗಿರಲಿಲ್ಲ.

ಮೊಬೈಲುಗಳನ್ನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಇಟ್ಟು ಬರಬೇಕೆಂಬುದು ಕಾರ್ಖಾನೆಯ ನಿಯಮ. ಜಗ್ಗಕ್ಕ ಆಟಿಕೆಗಳನ್ನು ಮೇಜಿನಿಂದ ಮೇಜಿಗೆ ಸಾಗಿಸುವ ಪಟ್ಟಿಯನ್ನು ನಿಲ್ಲಿಸುವ ಗುಂಡಿ ಒತ್ತಿದಳು. ಆ ಗುಂಡಿಯನ್ನು ಅವಳು ಅಲ್ಲಿಯವರೆಗೆ ಮುಟ್ಟಿರಲೇ ಇಲ್ಲ. ಸದ್ದು ನಿಂತು ಎಲ್ಲರೂ ತಲೆಯೆತ್ತಿದರು. ಅವಳು ಪೆಟ್ಟಿಗೆಯತ್ತ ಓಡಿ ಮಗಳಿಗೆ ಕರೆ ಮಾಡಿದಳು. ಗಂಟೆ ಬಡಿದು ಬಡಿದು ನಿಂತಿತು. ಮತ್ತೆ ಮಾಡಿದಳು. ಹೊಲಿಗೆ ಯಂತ್ರದ ಸದ್ದಿನಲ್ಲಿ ಮಗಳಿಗೆ ಏನೂ ಕೇಳಿಸದು. ಮೊಬೈಲು ಅಡುಗೆಮನೆಯ ಕಟ್ಟೆಯ ಮೇಲಿರುತ್ತದೆ. ಗುಬ್ಬಿ ಅವಳ ಬೆನ್ನ ಹಿಂದಿನ ಚಾಪೆಯಲ್ಲಿ ಆಡುತ್ತಿರುತ್ತಾನೆ. ಅದೆಲ್ಲ ಜಗ್ಗಕ್ಕನಿಗೆ ಗೊತ್ತಿತ್ತು.

ಯಾಕೆ ನಿಲ್ಲಿಸಿದಿರಿ ಎಂದು ಸಿಡುಕುತ್ತ ಬಂದ ಮೇಸ್ತ್ರಿ ಅವಳ ಮುಖ ನೋಡಿ ಮೆತ್ತಗಾದ. ಮನೆಗೆ ಬಿಡಿ, ಮಗುವಿನ ವಿಷಯ ಎಂದಷ್ಟೇ ಅವಳು ಹೇಳಿದ್ದು. ಅವನು ಸ್ಕೂಟರ್ ತೆಗೆದ.

ದಾರಿಯುದ್ದಕ್ಕೂ ಅವಳು ಹಿಂದೆ ಕೂತು ಅವನ ಅಂಗಿಯನ್ನು ಹಿಡಿದ ಹಿಡಿತಕ್ಕೆ ಹೊಲಿಗೆ ಬಿಚ್ಚಿತು. ಗುಂಡಿ ಇನ್ನೂ ಕಿತ್ತಿರಲಿಕ್ಕಿಲ್ಲ ಎಂದು ಒಂದು ಮನಸ್ಸು ಹೇಳುತ್ತಿತ್ತು. ಹಸಿಯಲ್ಲೇ ಬಣ್ಣ ಬಿದ್ದು ಕಚ್ಚದೆ ಉಳಿದ ಅಂಟು, ದಿನವೆಲ್ಲ ಜೊಲ್ಲಿನಲ್ಲಿ ನೆನೆಯುತ್ತದೆ, ಇನ್ನೆಷ್ಟು ದಿನ ನಿಂತೀತು ಎಂದು ಇನ್ನೊಂದು ಮನಸ್ಸು. ಮನೆಯ ಬೀದಿಯನ್ನು ಪೈಪಿಗಾಗಿ ಅಗೆದು ಹಾಕಿದ್ದರು. ಮೇಸ್ತ್ರಿ ಸುತ್ತಿ ಹೋಗೋಣ ಎನ್ನುವಷ್ಟರಲ್ಲಿ ಜಗ್ಗಕ್ಕ ಇಳಿದು ಮಣ್ಣಿನ ದಿಬ್ಬ ಹತ್ತಿ ಓಡತೊಡಗಿದ್ದಳು. ಚಪ್ಪಲಿ ಒಂದು ಅಲ್ಲೇ ಉಳಿಯಿತು.

ಅವರ ಮನೆ ಸೈಕಲ್ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ಬುಡದಲ್ಲೇ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಯಂತ್ರ ಓಡುತ್ತಿದೆ ಎಂದರೆ ಮಗಳು ನಿಶ್ಚಿಂತೆಯಿಂದ ಇದ್ದಾಳೆ. ಒಂದೋ ಏನೂ ಆಗಿಲ್ಲ, ಇಲ್ಲವೇ ಆದದ್ದು ಅವಳಿಗೆ ಗೊತ್ತಾಗಿಲ್ಲ. ಗುಬ್ಬಿಯ ದನಿ ಕೇಳಿಸುತ್ತಿರಲಿಲ್ಲ. ಮಗು ಅತ್ತರೆ ಒಂದು ಚಿಂತೆ, ಸುಮ್ಮನಿದ್ದರೆ ನೂರು ಚಿಂತೆ ಎಂದು ಮಕ್ಕಳನ್ನು ಸಾಕಿದವರಿಗೆಲ್ಲ ಗೊತ್ತು. ಕೂಗಬೇಕೆಂದು ಬಾಯಿ ತೆರೆದವಳು ಕೂಗಲಿಲ್ಲ. ಅವಳಿಗೆ ಕೆಲಸ ಕಲಿಸಿಕೊಟ್ಟ ಹಿರಿಯಾಕೆ ಮೊದಲ ದಿನವೇ ಹೇಳಿದ್ದಳು: ಮಗುವಿನ ಬಾಯಲ್ಲಿ ಏನಾದರೂ ಇದ್ದರೆ ಕೂಗಬೇಡ, ಬೆಚ್ಚಿದರೆ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೂಗನ್ನು ನುಂಗಿಕೊಂಡು, ಉಳಿದ ಚಪ್ಪಲಿಯನ್ನೂ ಬಿಟ್ಟು, ಅವಳು ಮೆಟ್ಟಿಲು ಹತ್ತಿದಳು.

ಬಾಗಿಲು ಓರೆಯಾಗಿತ್ತು. ಮಗಳು ಬೆನ್ನು ಹಾಕಿ ಕುಳಿತು ನೀಲಿ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುತ್ತಿದ್ದಳು. ಅವಳ ಹಿಂದೆ, ಕಿಟಕಿಯ ಬೆಳಕಿನಲ್ಲಿ, ಗುಬ್ಬಿ ಅತ್ತ ತಿರುಗಿ ಕೂತಿದ್ದ. ತಲೆ ಬಗ್ಗಿತ್ತು. ಚಾಪೆಯ ಮೇಲೆ ಮೀನು ಮಗುಚಿ ಬಿದ್ದಿತ್ತು. ಜಗ್ಗಕ್ಕ ಬರಿಗಾಲಿನಲ್ಲಿ ಸುತ್ತು ಹಾಕಿ ಬಂದು ಅವನ ಎದುರು ಮೊಣಕಾಲೂರಿದಳು. ಮೀನನ್ನು ತಿರುವಿದಳು. ಕಣ್ಣಿರಬೇಕಾದ ಜಾಗದಲ್ಲಿ ಗುಳಿ ಇತ್ತು.

ಗುಬ್ಬಿ ತಲೆಯೆತ್ತಿ ಅಜ್ಜಿಯನ್ನು ನೋಡಿದ. ತುಟಿ ಮುಚ್ಚಿತ್ತು, ಗಲ್ಲದ ಮೇಲೆ ಜೊಲ್ಲು. ಆ ಒಂದು ಕ್ಷಣದಲ್ಲಿ ಜಗ್ಗಕ್ಕ ತನಗೆ ಗೊತ್ತಿದ್ದ ದೇವರನ್ನೆಲ್ಲ ಕೂಗಿ ಕರೆದಳು, ಒಳಗೊಳಗೇ. ಆಮೇಲೆ ಅವನು ನಕ್ಕ. ಬಾಯಲ್ಲಿ ನಾಲ್ಕು ಹಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ.

ಗುಂಡಿ ಅವನ ಬಲಗೈಯಲ್ಲಿತ್ತು. ಮುಷ್ಟಿಯಲ್ಲಲ್ಲ. ಹೆಬ್ಬೆರಳ ತುದಿಗೂ ತೋರುಬೆರಳ ತುದಿಗೂ ನಡುವೆ, ಅಕ್ಕಸಾಲಿಗ ಹರಳನ್ನು ಹಿಡಿಯುವ ಹಾಗೆ, ನೆಟ್ಟಗೆ ಹಿಡಿದಿದ್ದ. ಗುಂಡಿ ಒದ್ದೆಯಾಗಿತ್ತು. ಒಮ್ಮೆ ಬಾಯೊಳಗೆ ಹೋಗಿ ಬಂದದ್ದು ಅದು.

ಯಂತ್ರ ನಿಂತಿತು. ಅಮ್ಮ ಈ ಹೊತ್ತಿನಲ್ಲಿ ಯಾಕೆ ಬಂದಳೆಂದು ತಿರುಗಿದ ಮಗಳು ಮೊದಲು ನೋಡಿದ್ದು ಮಗನ ಕೈಯನ್ನು.

“ಅಮ್ಮ, ಎರಡು ಬೆರಳು,” ಎಂದಳು. “ನೋಡಮ್ಮ, ಎರಡೇ ಬೆರಳಲ್ಲಿ ಹಿಡ್ದಿದ್ದಾನೆ.”

ಅವಳ ಕಣ್ಣು ತುಂಬಿತು. ಚಪ್ಪಾಳೆ ತಟ್ಟಲು ಕೈ ಎತ್ತಿದಳು. ಆದರೆ ಅಮ್ಮನ ಮುಖ ಕಂಡು ಎತ್ತಿದ ಕೈ ಹಾಗೇ ನಿಂತಿತು. ಏನೋ ಕೆಟ್ಟದ್ದು ನಡೆಯುತ್ತಿದೆ ಎಂದಷ್ಟೇ ಅವಳಿಗೆ ಗೊತ್ತಾಯಿತು.

ಗುಬ್ಬಿ ಗುಂಡಿಯನ್ನು ಮತ್ತೆ ಬಾಯಿಯತ್ತ ತಂದ. ಕಸಿಯಬಹುದಿತ್ತು. ಆದರೆ ಗುಬ್ಬಿಯ ಕೈಯಿಂದ ಏನನ್ನಾದರೂ ಕಸಿಯಲು ಹೋದರೆ ಅವನು ಮೊದಲು ಮಾಡುವ ಕೆಲಸ ಅದನ್ನು ಬಾಯಿಗೆ ತುರುಕುವುದು. ಗುಂಡಿ ತುಟಿಗೆ ತಾಗಿತು. ಜಗ್ಗಕ್ಕ ತನ್ನ ಎರಡೂ ಕೈ ತೊಡೆಯ ಮೇಲಿಟ್ಟು, ಮುಖವನ್ನು ಅವನ ಮುಖದ ಹತ್ತಿರ ತಂದು, ದಿನಾ ಸಂಜೆ ತೆರೆಯುವ ಹಾಗೆ ಬಾಯಿ ತೆರೆದಳು.

“ಆ... ಅಜ್ಜಿಗೆ?”

ಗುಬ್ಬಿ ತಡೆದ. ಅಜ್ಜಿಯ ಬಾಯಿ ನೋಡಿದ, ಗುಂಡಿ ನೋಡಿದ. ಅವಳು ಬಾಯಿ ತೆರೆದೇ ಕೂತಳು. ಮೇಜಿನ ಮುಂದೆ ಕೂತು ಜನ್ಮವಿಡೀ ಹತ್ತು ಎಣಿಸಿದವಳಿಗೆ ಅಂದು ಎಣಿಕೆಯೂ ನೆನಪಾಗಲಿಲ್ಲ. ಕೊನೆಗೆ ಆ ಪುಟ್ಟ ಕೈ ತುಟಿಯಿಂದ ದೂರ ಸರಿದು, ಗಾಳಿಯಲ್ಲಿ ಅಲುಗುತ್ತಾ ಬಂದು, ಗುಂಡಿಯನ್ನು ಅಜ್ಜಿಯ ನಾಲಗೆಯ ಮೇಲೆ ಇಟ್ಟಿತು. ಎರಡು ಬೆರಳಿನಿಂದ, ಚೂರೂ ಮೆತ್ತದೆ.

ಜಗ್ಗಕ್ಕ ಬಾಯಿ ಮುಚ್ಚಿದಳು. ಅಂಟಿನ ಕಹಿ, ಬಣ್ಣದ ಒಗರು ನಾಲಗೆಗೆ ಹತ್ತಿತು. ಮಗುವನ್ನು ಸೆಳೆದು ತಬ್ಬಿಕೊಂಡು, ಬಾಯಲ್ಲಿ ಗುಂಡಿ ಇಟ್ಟುಕೊಂಡೇ, ಸದ್ದಿಲ್ಲದೆ ಅತ್ತಳು.

ಆಮೇಲೆ ಗುಂಡಿಯನ್ನು ಉಗಿದು ಮಗಳ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದಳು. ಮುಚ್ಚಿಡಬಹುದಿತ್ತು, ಮಗಳು ಸಂತೋಷದಲ್ಲಿದ್ದಳು. ಮುಚ್ಚಿಡಲು ಬಾಯಿ ಬರಲಿಲ್ಲ. ಮಗಳು ಕೇಳಿದಳು, ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮುಖದ ಬಣ್ಣ ಇಳಿಯುತ್ತ ಹೋಯಿತು.

“ನಿನ್ನ ಕಾರ್ಖಾನೇದು ಅಂತ ನಾನು ಬೆನ್ನು ಹಾಕಿ ಕೂತಿದ್ದೆ ಅಮ್ಮ,” ಎಂದಳು. “ಸಂತೇದು ಆಗಿದ್ರೆ ಮಗು ಮೇಲಿಂದ ಕಣ್ಣು ಕೀಳ್ತಿರ್ಲಿಲ್ಲ.”

ಅದಕ್ಕಿಂತ ಜೋರಾಗಿ ಬೈದಿದ್ದರೆ ಜಗ್ಗಕ್ಕ ತಡೆದುಕೊಳ್ಳುತ್ತಿದ್ದಳು. ಮಗಳು ಮಗುವನ್ನೆತ್ತಿಕೊಂಡು ಕಿಟಕಿಯ ಕಡೆ ತಿರುಗಿ ನಿಂತಳು. ಅಂಗಡಿಯ ಹಲಗೆಗೂ ಈ ಹಲಗೆಗೂ ಅದೇ ಮರ, ಅದೇ ಬಣ್ಣ, ಅದೇ ಗರಗಸ. ನಡುವಿನ ವ್ಯತ್ಯಾಸ ತನ್ನ ಕೈ ಒಂದೇ. ಇಷ್ಟು ವರ್ಷ ಮೂಗು ಮುರಿದು ಹಂಗಿಸಿದ ಆ ಬೆಲೆಯೊಳಗೆ ಕೂತಿದ್ದದ್ದು ತಾನೇ. ಡಬ್ಬಿಗೆ ಎರಡು ಪಾಲು, ಹೆದರಿಕೆಗೆ ಉಳಿದದ್ದು ಎಂದು ಲೆಕ್ಕ ಹೇಳುವಾಗ ತನ್ನನ್ನೇ ಬಿಟ್ಟು ಎಣಿಸಿದ್ದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬಿಟ್ಟುಹೋದ ಎರಡು ಚಪ್ಪಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ಮಗು ಚೆನ್ನಾಗಿದೆ ಎಂದು ಕಂಡು ಉಸಿರು ಬಿಟ್ಟ. ಅವನನ್ನು ನೋಡುತ್ತಿದ್ದಂತೆ ಜಗ್ಗಕ್ಕನಿಗೆ ಉಳಿದದ್ದು ಹೊಳೆಯಿತು.

“ಮೇಸ್ತ್ರಿ, ನಿಮ್ಮ ಮನೇಲಿ ಹಳದಿ ಚುಕ್ಕೆದು ಏನಿದೆ?”

ಕುದುರೆ, ಎಂದ ಅವನು. ಚಿಕ್ಕವಳು ಅದನ್ನು ಹಾಸಿಗೆಯಲ್ಲೂ ಬಿಡುವುದಿಲ್ಲ. ಹೇಳುತ್ತ ಹೇಳುತ್ತಲೇ ಅವನಿಗೂ ಅರ್ಥವಾಯಿತು. ಚಪ್ಪಲಿಗಳನ್ನು ಕೆಳಗಿಟ್ಟು ಅವನು ಇಳಿದು ಓಡಿದ; ಜಗ್ಗಕ್ಕ ಅವನ ಹಿಂದೆಯೇ ಇಳಿದಳು.

ಕುದುರೆಯ ಕಿವಿ ಗಟ್ಟಿಯಾಗಿತ್ತು. ಕಾರ್ಖಾನೆಗೆ ಹೋಗಿ ಇಕ್ಕಳ, ತಕ್ಕಡಿ, ಗಂಟಲು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಮಾಲೀಕರಿಗೆ ವಿಷಯ ತಿಳಿಸಿ, ಆ ಸಂಜೆ ಇಬ್ಬರೂ ಮನೆ ಮನೆ ಸುತ್ತಿದರು. ಕೆಲವರು ನಕ್ಕರು, ಕೊಟ್ಟದ್ದನ್ನು ಕಿತ್ತುಕೊಳ್ಳಲು ಬಂದಿರಾ ಎಂದು ರೇಗಿಸಿದರು. ಕಾವಲುಗಾರನ ಅವಳಿ ಮಕ್ಕಳು ಗಾಡಿ ಕೊಡುವುದಿಲ್ಲವೆಂದು ಹೊರಳಾಡಿ ಅತ್ತರು. ಜಗ್ಗಿದರೆ ಗಾಲಿ ಕೈಗೆ ಬಂತು. ನಗುತ್ತಿದ್ದ ಅವರ ತಾಯಿ ಆ ಗಾಲಿ ಗಂಟಲಿನಲ್ಲಿ ಇಳಿದದ್ದನ್ನು ಕಂಡು ಮಕ್ಕಳನ್ನು ಹತ್ತಿರ ಎಳೆದುಕೊಂಡಳು. ಕನ್ನಡಕ ಊದಿದ ಕಣ್ಣು ಒರೆಸಿಕೊಳ್ಳುತ್ತ ಮೊಮ್ಮಗಳ ಬಾತುಕೋಳಿಯನ್ನು ತಂದುಕೊಟ್ಟಳು. ಅದರ ಕೊಕ್ಕೂ ಬಂತು.

“ಚುಕ್ಕೆ ಇಟ್ಟೋಳು ನಾನೇ ಕಣೇ,” ಎಂದಳು ಅವಳು.

“ನಾನೂ ಪಕ್ಕದಲ್ಲೇ ಕೂತಿದ್ದೆ,” ಎಂದಳು ಜಗ್ಗಕ್ಕ. ಚೀಲ ತುಂಬುತ್ತ ಹೋಯಿತು.

ಅಲ್ಲಿಂದಾಚೆಗೆ ಜಗ್ಗುವ ಮೇಜು ಮೊದಲು ಬಂತು, ಬಣ್ಣದ ಮೇಜು ಆಮೇಲೆ. ಹಳದಿ ಚುಕ್ಕೆಯ ಬೆಲೆ ಏರಿತು; ಇದೆಲ್ಲ ಜಗ್ಗಕ್ಕನ ಕಿತಾಪತಿ ಎಂದು ಊಟದ ಹೊತ್ತಿನಲ್ಲಿ ಗೊಣಗಿದವರಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಬಸುರಿ ಒಮ್ಮೆ ಅವಳನ್ನು ಪಕ್ಕಕ್ಕೆ ಕರೆದು, ಈ ಆಟಿಕೆಯನ್ನು ಅಂಗಡಿಯಲ್ಲಿ ಇಷ್ಟು ಕೊಟ್ಟು ತಗೊಂಡರೆ ನಿಜವಾಗಿ ಬುದ್ಧಿ ಬೆಳೆಯುತ್ತದೆಯೇ ಎಂದು ಕೇಳಿದಳು.

“ಬುದ್ಧಿ ವಿಷಯ ನಂಗೊತ್ತಿಲ್ಲ ಮಗಳೇ. ಲೋಟ ಚಮಚದಲ್ಲೂ ಬೆಳೆಯತ್ತೆ. ಇದನ್ನ ನಾನು ಜಗ್ಗಿದ್ದೀನಿ. ದುಡ್ಡು ಅದಕ್ಕೆ.”

ಹೇಳಿದ ತಿಂಗಳು ಮುಗಿದು ಕೇಂದ್ರಕ್ಕೆ ಹೋದ ದಿನ ನರ್ಸ್ ಮೇಜಿನ ಮೇಲೆ ಬಿಸ್ಕತ್ತಿನ ಚೂರು ಇಟ್ಟಾಗ ಗುಬ್ಬಿ ಅದನ್ನು ಎರಡು ಬೆರಳಲ್ಲಿ ಎತ್ತಿ, ಬಗ್ಗಿ ಕೂತಿದ್ದ ನರ್ಸಿನ ಬಾಯಿಗೇ ಇಡಲು ಹೋದ. ಅವಳು ನಕ್ಕು, ಹಲಗೆ ಕೆಲಸ ಮಾಡಿತಲ್ಲ ಎಂದಳು. ಹಲಗೆಯೋ, ಸಂಜೆಯ ಬಿಸ್ಕತ್ತೋ, ಸುಮ್ಮನೆ ಕಾಲ ಕೂಡಿ ಬಂತೋ, ಜಗ್ಗಕ್ಕನಿಗೆ ಇಂದಿಗೂ ತಿಳಿಯದು. ಮಗಳು ಅಮ್ಮನ ಕಡೆ ತಿರುಗಿ ನೋಡಲಿಲ್ಲ, ಆದರೆ ಅವಳ ಕೈ ಹಿಡಿದುಕೊಂಡಳು.

ಬರುವ ದಾರಿಯಲ್ಲಿ ಜಗ್ಗಕ್ಕ ತಾನಾಗಿಯೇ ಅಂಗಡಿಯೊಳಗೆ ನುಗ್ಗಿ, ಚೌಕಾಸಿಯ ಒಂದು ಮಾತೂ ಆಡದೆ, ಪೂರ್ತಿ ಬೆಲೆ ಕೊಟ್ಟು ಹೊಸ ಹಲಗೆ ಕೊಂಡಳು. ಮನೆಗೆ ಬಂದು ಚಾಪೆಯ ಮೇಲೆ ಕೂತು, ತಾನೇ ಜಗ್ಗಿ ಕಳಿಸಿದ್ದನ್ನು ಮತ್ತೆ ಜಗ್ಗಿದಳು. ಎಲೆ, ಮನೆ, ಚಂದ್ರ. ಪ್ರತಿಯೊಂದಕ್ಕೂ ಕೇಳುವಂತೆ ಹತ್ತು ಎಣಿಸಿದಳು. ಗುಬ್ಬಿ ಎದುರಿಗೆ ಕೂತು ಅವಳ ಬಾಯನ್ನೇ ನೋಡುತ್ತಿದ್ದ. ಕೊನೆಯ ಬಿಲ್ಲೆಗೆ ಅವಳು ಕೈ ಚಾಚುವ ಮೊದಲೇ ಅವನು ಮೀನಿನ ಕಣ್ಣನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದ. ಜಗ್ಗಿ ಹಿಡಿದೇ ಅಜ್ಜಿಯ ಮುಖ ನೋಡಿದ, ಅವಳು ಎಣಿಸಲೆಂದು. ಅವಳು ಎಣಿಸಿದಳು. ಹತ್ತು ಎಂದ ಮೇಲೆ ಅವನು ಬಿಟ್ಟ.